ಹಸಿರು ಕಲ್ಲಿಗೆ ಹಿಡಿದ ಚಿನ್ನದ ಟಿಪ್

ಅಪ್ಪನ ಲೇತ್ ಇದ್ದಕ್ಕಿದ್ದಂತೆ ಸುಮ್ಮನಾಯಿತು ಎಂದು ನಾನು ಡೈರಿಯಲ್ಲಿ ಮೊದಲ ಸಲ ಬರೆದದ್ದು ಜುಲೈ ತಿಂಗಳ ಒಂದು ಮಂಗಳವಾರ. ಮೋಟಾರು ತಿರುಗುತ್ತಲೇ ಇತ್ತು, ಕೆಲಸವೂ ನಡೆಯುತ್ತಿತ್ತು. ನಿಂತದ್ದು ಚಿಪ್ಸ್ ಮುರಿಯುವ ಸದ್ದು. ಉಕ್ಕಿನ ಕಂಬಿಯನ್ನು ಟೂಲು ಹೆರೆಯುವಾಗ ಏಳುವ ಸಿಪ್ಪೆಗೆ ನಮ್ಮಲ್ಲಿ ಚಿಪ್ಸ್ ಎನ್ನುತ್ತಾರೆ. ಅದು ಚೂರುಚೂರಾಗಿ ಮುರಿದು ಕೆಳಗಿನ ಟ್ರೇಗೆ ಬೀಳುತ್ತಿದ್ದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಿಟಪಟ ಕೇಳುತ್ತದೆ. ಆ ಸದ್ದು ನಿಂತಿತೆಂದರೆ ಸಿಪ್ಪೆ ಮುರಿಯದೆ ರಿಬ್ಬನ್ನಿನಂತೆ ಉದ್ದಕ್ಕೆ ಬರುತ್ತಿದೆ ಎಂದೇ ಅರ್ಥ. ಆ ರಿಬ್ಬನ್ನಿನ ಎರಡೂ ಅಂಚು ಬ್ಲೇಡಿನಷ್ಟು ಹರಿತ. ಕಂಬಿಯನ್ನು ಕಚ್ಚಿ ಹಿಡಿದು ತಿರುಗುವ ಚಕ್ ಎಂಬ ಭಾಗಕ್ಕೆ ಅದು ಸುತ್ತಿಕೊಂಡರೆ, ಜೊತೆಯಲ್ಲಿ ಏನು ಸಿಕ್ಕಿದರೂ ಎಳೆದುಕೊಂಡು ಹೋಗುತ್ತದೆ.

ಆವತ್ತು ನಾನು ತಲೆ ಎತ್ತಿ ನೋಡುವಷ್ಟರಲ್ಲಿ ಚಿಟಪಟ ಮತ್ತೆ ಶುರುವಾಗಿತ್ತು. ಅಪ್ಪ ಏನೂ ಆಗದವರಂತೆ ಕಬ್ಬಿಣದ ಕೊಕ್ಕೆಯಿಂದ ಏನನ್ನೋ ಟ್ರೇಗೆ ತಳ್ಳುತ್ತಿದ್ದರು. ಬಿಸಿಗೆ ನೀಲಿ ತಿರುಗಿದ್ದ ಆ ಸುರುಳಿ ಅವರ ಮೊಣಕಾಲಿನವರೆಗೆ ಜೋತುಬಿದ್ದಿತ್ತು.

ನಮ್ಮ ವರ್ಕ್‌ಶಾಪ್ ಇರುವುದು ಅರಸೀಕೆರೆಯಲ್ಲಿ, ರೈಲ್ವೆ ಹಳಿಯ ಆಚೆಗೆ. ತೆಂಗಿನಕಾಯಿ ಸುಲಿಯುವ ಯಂತ್ರಗಳಿಗೆ ಬೇಕಾದ ಷಾಫ್ಟ್‌ಗಳನ್ನು ಅಲ್ಲಿ ಮಾಡುತ್ತೇವೆ. ಯಜಮಾನರು ಕೊಬ್ಬರಿ ವ್ಯಾಪಾರದ ಮನೆತನದವರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಹೆಗಲ ಮೇಲೆ ಬಿಳಿ ಟವೆಲ್, ಕೈಯಲ್ಲಿ ಎರಡು ಫೋನು. ಅಪ್ಪ ಅಲ್ಲಿ ಹಳೆಯ ಲೇತಿನ ಮೇಸ್ತ್ರಿ. ನನಗೆ ನೆನಪು ಬಂದಾಗಿನಿಂದಲೂ ಅದೇ ಲೇತು. ನಾನು ಪಾಲಿಟೆಕ್ನಿಕ್ ಮುಗಿಸಿ ಹೋದ ವರ್ಷ ಸೇರಿದೆ. ಯಜಮಾನರು ಸೆಕೆಂಡ್ ಹ್ಯಾಂಡಿನಲ್ಲಿ ತಂದ, ಕಂಪ್ಯೂಟರ್ ಹೇಳಿದಂತೆ ತಾನೇ ಕಡೆಯುವ ಸಿಎನ್‌ಸಿ ಮಿಷಿನ್ ನನ್ನದು. ನಾವಿಬ್ಬರೂ ಹಳೇಬೀಡಿನಿಂದ ಬೆಳಗಿನ ಬಸ್ಸಿಗೆ ಹೊರಟು ಜಾವಗಲ್, ಬಾಣಾವರ ದಾಟಿ ಬರುತ್ತೇವೆ. ನನ್ನ ಮಿಷಿನ್ನಿಗೆ ಗಾಜಿನ ಬಾಗಿಲಿದೆ. ಒಳಗೆ ಏನು ಹಾರಿದರೂ ಗಾಜಿಗೆ ಬಡಿಯುತ್ತದೆ. ಅಪ್ಪನ ಲೇತಿಗೆ ಬಾಗಿಲಿಲ್ಲ. ತಿರುಗುವ ಉಕ್ಕಿಗೂ ಅಪ್ಪನಿಗೂ ನಡುವೆ ಒಂದು ಮೊಳ ಜಾಗ.

ಆ ಬೇಸಿಗೆಯ ಕೊನೆಯಲ್ಲಿ ಬೆಂಗಳೂರಿನಿಂದ ಟೂಲು ಮಾರುವ ಹುಡುಗನೊಬ್ಬ ಬಂದಿದ್ದ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಯನ್ನು ತೆರೆದು ಮೇಜಿನ ಮೇಲಿಟ್ಟ. ಒಳಗೆ ಹತ್ತು ಟಿಪ್‌ಗಳು, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು, ಚಿನ್ನದ ಬಣ್ಣ.

"ಒಳಗೆ ಕಾರ್ಬೈಡ್ ಸರ್, ಮೇಲೆ ಪದರ ಪದರ ಕೋಟಿಂಗು. ನಡುವಿನದು ಪಿಂಗಾಣಿ ತರಹದ್ದು, ಬಿಸಿ ಒಳಗೆ ಇಳಿಯೋಕೆ ಬಿಡಲ್ಲ. ಎಲ್ಲಾ ಪದರ ಸೇರಿಸಿದ್ರೂ ತಲೆಕೂದಲಿಗಿಂತ ತೆಳ್ಳಗೆ. ಈಗ ಓಡಿಸ್ತಿರೋ ಸ್ಪೀಡಿನ ಡಬಲ್ ಓಡಿಸಿ, ಏನೂ ಆಗಲ್ಲ," ಎಂದ ಹುಡುಗ.

ಅಪ್ಪ ಒಂದು ಟಿಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಗಿಲೀಟು ಒಡವೆ ಇದ್ದಂಗೈತಲ್ಲಪ್ಪ. ಮದ್ವೆ ಮುಗಿಯೋವರ್ಗಾದ್ರೂ ಬಣ್ಣ ನಿಲ್ಲುತ್ತೋ ಇಲ್ವೋ?"

ಎಲ್ಲರೂ ನಕ್ಕರು, ಆ ಹುಡುಗನೂ ನಕ್ಕ. "ನಿಲ್ಲುತ್ತೆ ಮೇಸ್ತ್ರಿ. ಒಂದು ಟಿಪ್ಪಿಗೆ ನಾಲ್ಕು ಮೂಲೆ. ಒಂದು ಸವೆದ್ರೆ ತಿರುಗಿಸಿ ಹಾಕೊಳ್ಳಿ. ನಾಲ್ಕೂ ಮುಗಿದ್ಮೇಲೆ ಬಿಸಾಕಿ."

"ಬಿಸಾಕಿ ಅನ್ನದಿದ್ರೆ ನಿಮ್ಮ ಅಂಗಡಿ ಹೆಂಗೆ ನಡೀಬೇಕು," ಎಂದರು ಅಪ್ಪ. ಮತ್ತೆ ನಗು. ಆ ಮಾತನ್ನು ತಮಾಷೆಯೆಂದು ನಾನು ಡೈರಿಯಲ್ಲಿ ಬರೆದುಕೊಂಡೆ. ಅಪ್ಪ ನಿಜವಾಗಿಯೇ ಹೇಳಿದ್ದರು.

ಅಪ್ಪನ ಕಾಲದ ಟೂಲು ಬೇರೆ. ಉಕ್ಕಿನ ಹಿಡಿಯ ತುದಿಗೆ ಕಾರ್ಬೈಡಿನ ತುಂಡನ್ನು ಬೆಸೆದಿರುತ್ತಿದ್ದರು. ಅದು ಮೊಂಡಾದರೆ ಹಸಿರು ಬಣ್ಣದ ಸಾಣೆಕಲ್ಲಿಗೆ ಹಿಡಿದು ಮತ್ತೆ ಹರಿತ ಮಾಡಬೇಕು. ಕಲ್ಲಿನ ಮುಂದೆ ಎಷ್ಟು ಹೊತ್ತು, ಯಾವ ಓರೆಯಲ್ಲಿ ಹಿಡಿಯಬೇಕೆಂಬುದೇ ವಿದ್ಯೆ. ಅಪ್ಪ ಹಿಡಿದ ಟೂಲಿಗೆ ಅರಸೀಕೆರೆಯಲ್ಲಿ ಬೇರೆಯೇ ಬೆಲೆಯಿತ್ತು. ಪಕ್ಕದ ವರ್ಕ್‌ಶಾಪುಗಳಿಂದಲೂ ಮೊಂಡು ಟೂಲುಗಳನ್ನು ತಂದು, "ಅಣ್ಣಾ, ಸ್ವಲ್ಪ ನಿಮ್ಮ ಕೈ ತೋರ್ಸಿ," ಎಂದು ಕೊಟ್ಟು ಹೋಗುತ್ತಿದ್ದರು.

ಹೊಸ ಟಿಪ್ ಬಂದ ಮೊದಲ ವಾರ ನನಗೆ ಹಬ್ಬ. ಯಾವ ಮೂಲೆಯಲ್ಲಿ ಎಷ್ಟು ಷಾಫ್ಟ್ ಆಯಿತೆಂದು ಬರೆದಿಡುವುದು ಕಾಲೇಜಿನಿಂದ ಬಂದ ಅಭ್ಯಾಸ. ಬೆಸೆದ ಟೂಲಿನಲ್ಲಿ ಹನ್ನೆರಡು ಷಾಫ್ಟಿಗೆ ಒಂದು ಸಲ ಕಲ್ಲಿನ ಹತ್ತಿರ ಹೋಗಬೇಕಾಗಿತ್ತು. ಹೊಸ ಟಿಪ್ಪಿನ ಒಂದು ಮೂಲೆ ನಲವತ್ತು ದಾಟಿತು, ಅದೂ ಎರಡರಷ್ಟು ವೇಗದಲ್ಲಿ. ಯಜಮಾನರು ಅಪ್ಪನ ಲೇತಿಗೂ ಅದೇ ಟಿಪ್ ಹಿಡಿಯುವ ಹೋಲ್ಡರ್ ತರಿಸಿದರು. ಟಿಪ್ ದುಬಾರಿಯೆಂದು ಡಬ್ಬಿಯನ್ನು ತಮ್ಮ ಬೀರುವಿನೊಳಗಿಟ್ಟು, ಕೇಳಿದಾಗ ಒಂದೊಂದೇ ಕೊಡುತ್ತಿದ್ದರು. ಗೋಡೆಗೆ ಒಂದು ಬಿಳಿ ಬೋರ್ಡು ಹೊಡೆಸಿದರು. ದಿನದ ಕೊನೆಗೆ ಎರಡು ಮಿಷಿನ್ನಿನ ಷಾಫ್ಟ್‌ಗಳನ್ನೂ ಎಣಿಸಿ ಅದರ ಮೇಲೆ ಬರೆಯುವ ಕೆಲಸ ನನ್ನದಾಯಿತು. ಎಡಗಡೆ ಅಪ್ಪ, ಬಲಗಡೆ ನಾನು.

ಬೋರ್ಡಿನ ಮುಂದೆ ನಿಂತು ಯಜಮಾನರು ಒಂದು ಸಂಜೆ, "ಮುಂದಿನ ವರ್ಷ ಇನ್ನೊಂದು ಸಿಎನ್‌ಸಿ ತಂದ್ಬಿಡಾನ ಅಂತಿದೀನಿ ಮೇಸ್ತ್ರಿ. ಈ ಹಳೇದಕ್ಕೆ ಜಾಗ ಸುಮ್ನೆ ವೇಸ್ಟು," ಎಂದರು. ಅವರದು ಕೆಟ್ಟ ಮಾತೇನಲ್ಲ. ಬಾಯಿಗೆ ಬಂದ ಯೋಚನೆಯನ್ನೆಲ್ಲ ಜೋರಾಗಿ ಹೇಳುವ ಸ್ವಭಾವ. ಅಪ್ಪ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ಬೋರ್ಡಿನ ಎಡಗಡೆಯ ಅಂಕಿಯನ್ನು ನೋಡಿದರು, ಬಲಗಡೆಯದನ್ನೂ ನೋಡಿದರು. ಮಾರನೆಯ ದಿನದಿಂದ ಅವರು ಚಹಾ ಕುಡಿಯಲು ಹೊರಗೆ ಹೋಗಲಿಲ್ಲ. ಲೇತಿನ ಪಕ್ಕದಲ್ಲೇ ಲೋಟ ಇಟ್ಟುಕೊಂಡರು.

ಆಮೇಲೆ ಬಂದದ್ದು ಆ ಮಂಗಳವಾರ. ಆ ವಾರದಲ್ಲಿ ಮತ್ತೂ ಎರಡು ಸಲ ಚಿಟಪಟ ನಿಂತಿತು. ಕೆಲಸ ಮಾಡುತ್ತಲೇ ನನ್ನ ಕಿವಿ ಅತ್ತಲೇ ಇರುತ್ತಿತ್ತು. ನನ್ನ ಮಿಷಿನ್ನಿನೊಳಗೆ ನೀರು ಸುರಿಯುವ ಸದ್ದು ಜಾಸ್ತಿಯಾದರೆ ಅಪ್ಪನ ಕಡೆಯ ಸದ್ದು ಕೇಳುವುದಿಲ್ಲವೆಂದು ಹೆದರಿ ಎದ್ದು ಹೋಗಿ ನೋಡಿ ಬರುತ್ತಿದ್ದೆ.

"ಏನೇ ಅದು, ಪೊಲೀಸ್ನೋರ ಥರ ಸುತ್ತ್ಕೊಂಡು ಬರ್ತೀಯ?" ಎಂದು ಅಪ್ಪ ನಗುತ್ತಿದ್ದರು.

"ಚಿಪ್ಸ್ ಉದ್ದ ಬರ್ತೈತಲ್ಲಪ್ಪ."

"ಒಂದೊಂದು ಕಂಬಿ ಹಂಗೇ. ಕೊಕ್ಕೆ ಐತಲ್ಲ ಕೈಯಾಗೆ."

ಕಂಬಿ ಇಬ್ಬರದೂ ಒಂದೇ ಲಾಟಿನದು. ನನ್ನ ಕಡೆ ಚಿಪ್ಸ್ ಅಕ್ಕಿನುಚ್ಚಿನ ಹಾಗೆ ಬೀಳುತ್ತಿತ್ತು.

ಶುಕ್ರವಾರ ಊಟದ ಹೊತ್ತಿನಲ್ಲಿ ಹಿಂದಿನ ಶೆಡ್ಡಿನಿಂದ ಸಾಣೆಕಲ್ಲಿನ ಸದ್ದು ಬಂತು. ಹೊಸ ಟಿಪ್ ಬಂದ ಮೇಲೆ ಆ ಕಲ್ಲಿಗೆ ಕೆಲಸವೇ ಇರಲಿಲ್ಲ. ಹೋಗಿ ನೋಡಿದರೆ ಅಪ್ಪ ಕನ್ನಡಕ ಏರಿಸಿಕೊಂಡು, ಸಣ್ಣ ಇಕ್ಕಳದಲ್ಲಿ ಚಿನ್ನದ ಟಿಪ್ಪನ್ನು ಹಿಡಿದು ಹಸಿರು ಕಲ್ಲಿಗೆ ಒತ್ತುತ್ತಿದ್ದರು. ಪಕ್ಕದಲ್ಲಿ ಉಪ್ಪಿನಕಾಯಿಯ ಗಾಜಿನ ಬಾಟಲಿ. ನಾಲ್ಕೂ ಮೂಲೆ ಮುಗಿದ ಟಿಪ್‌ಗಳೆಲ್ಲ ಅದರೊಳಗಿದ್ದವು. ಸಾಣೆ ಹಿಡಿದವು ಒಂದು ಬಟ್ಟೆಯ ಮೇಲೆ ಸಾಲಾಗಿ ಆರುತ್ತಿದ್ದವು. ಅವುಗಳ ಮೂಲೆಗಳಲ್ಲಿ ಚಿನ್ನ ಹೋಗಿ ಸೀಸದ ಬಣ್ಣ ಬಂದಿತ್ತು. ಎಷ್ಟು ಅಂದವಾಗಿ ಹಿಡಿದಿದ್ದರೆಂದರೆ, ಬೇರೆ ಯಾವ ಟೂಲಾಗಿದ್ದರೂ ನಾನು ಕೈ ಮುಗಿಯುತ್ತಿದ್ದೆ.

ನನಗೆ ಆಗ ಎಲ್ಲವೂ ಅರ್ಥವಾಯಿತು. ಟಿಪ್ಪಿನ ಮೇಲ್ಮೈಯಲ್ಲಿ ಅಂಚಿನ ಒಳಗೆ ಒಂದು ಸಣ್ಣ ತಗ್ಗು ಇರುತ್ತದೆ. ಏಳುವ ಸಿಪ್ಪೆಯನ್ನು ಮಡಿಸಿ ಮುರಿಯುವುದು ಆ ತಗ್ಗು. ಬಿಸಿಯನ್ನು ತಡೆಯುವುದು ಮೇಲಿನ ಕೋಟಿಂಗ್. ಅಪ್ಪ ಸವೆದ ಮೇಲ್ಮೈಯನ್ನು ಸಮ ಮಾಡಿದಾಗ ಎರಡೂ ಒಟ್ಟಿಗೆ ಹೋಗಿದ್ದವು. ಉಳಿದದ್ದು ಬರಿಯ ಕಾರ್ಬೈಡಿನ ಚಪ್ಪಟೆ ತುಂಡು. ಅದನ್ನು ಹೊಸ ಟಿಪ್ಪಿನ ವೇಗದಲ್ಲೇ ಓಡಿಸುತ್ತಿದ್ದರು.

"ಅಪ್ಪಾ, ಇದನ್ನ ಸಾಣೆ ಹಿಡೀಬಾರ್ದು."

"ಯಾಕೆ, ಕಲ್ಲಿಗೆ ನೋವಾಯ್ತದಾ?"

"ಕೋಟಿಂಗ್ ಹೋಯ್ತದೆ. ಚಿಪ್ಸ್ ಮುರಿಯೋ ತಗ್ಗು ಹೋಯ್ತದೆ. ಅದ್ಕೇ ಸುರುಳಿ ಬರ್ತಿರೋದು. ಕೈ ಹೋಗುತ್ತಪ್ಪ."

ಅಪ್ಪ ಕಲ್ಲು ನಿಲ್ಲಿಸಿದರು. "ಮೆಲ್ಲಗೆ ಮಾತಾಡು. ಯಜಮಾನ್ರು ಒಳಗವ್ರೆ."

ಆ ಬೆಳಿಗ್ಗೆಯಷ್ಟೇ ಯಜಮಾನರು ನನ್ನೆದುರಿಗೆ, "ನಿಮ್ಮಪ್ಪ ಒಂದು ಡಬ್ಬಿ ಟಿಪ್ಪಲ್ಲಿ ಎರಡು ಡಬ್ಬಿ ಕೆಲ್ಸ ತೆಗೀತಾನೆ ಕಣಮ್ಮ, ನೀನು ಕಲಿತ್ಕೋ," ಎಂದಿದ್ದರು. ಅಪ್ಪ ಹೇಗೆ ಮಾಡುತ್ತಾರೆಂದು ಅವರು ಕೇಳಿರಲಿಲ್ಲ. ನಾನು ಈಗ ಒಳಗೆ ಹೋಗಿ ಹೇಳಿದರೆ ಯಜಮಾನರು ಅಲ್ಲೇ, ಎಲ್ಲರ ಮುಂದೆ, ಜೋರು ದನಿಯಲ್ಲಿ ಯೋಚನೆ ಮಾಡಲು ಶುರುಮಾಡುತ್ತಾರೆ. ಆ ಯೋಚನೆ ಹಳೆಯ ಲೇತಿನ ಜಾಗದ ಹತ್ತಿರ ಬಂದು ನಿಲ್ಲುತ್ತದೆ. ಅಪ್ಪನ ಮುಖದಲ್ಲಿ ಅದೇ ಇತ್ತು.

"ಈ ಲಾಟು ಮುಗೀಲಿ," ಎಂದರು. "ಸೋಮ್ವಾರದಿಂದ ಹೊಸಾದೇ ಹಾಕ್ತೀನಿ. ನಿನ್ನ ಮಿಷಿನ್ನಿಗೆ ಬಾಗ್ಲೈತೆ, ಕಂಪ್ಯೂಟ್ರೈತೆ. ನಂಗೆ ಇರಾದು ಈ ಕೈ ಒಂದೆ."

ಆ ಕೈಗೇ ನಾನು ಹೆದರುತ್ತಿದ್ದದ್ದು. ಅಪ್ಪನ ಬಲಗೈ ಮಣಿಕಟ್ಟಿನಲ್ಲಿ ಅರಸೀಕೆರೆ ಹತ್ತಿರದ ಮಾಲೇಕಲ್ಲು ತಿರುಪತಿ ಬೆಟ್ಟದ ದೇವರ ದಾರವಿತ್ತು. ಬೆಟ್ಟ ಹತ್ತಿ ದರ್ಶನ ಮಾಡಿ ಬಂದಾಗಲೆಲ್ಲ ಒಂದು ದಾರ ಕಟ್ಟಿಸಿಕೊಳ್ಳುತ್ತಿದ್ದರು. ಕಟ್ಟಿದ ದಾರವನ್ನು ಕತ್ತರಿಸಬಾರದು, ತಾನಾಗಿ ಸವೆದು ಬೀಳಬೇಕು ಎನ್ನುವುದು ನಮ್ಮ ಮನೆಯ ನಂಬಿಕೆ. ಹಳೆಯದು ಬೀಳುವ ಮೊದಲೇ ಹೊಸದು ಬಂದು ಕೂರುತ್ತಿತ್ತು. ಹಾಗಾಗಿ ಒಂದರ ಮೇಲೊಂದು ಸೇರಿ, ಎಣ್ಣೆ ಕುಡಿದು, ಕಿರುಬೆರಳಿನಷ್ಟು ದಪ್ಪದ ಹಗ್ಗವೇ ಆಗಿತ್ತು.

ಸಂಜೆಯ ಬಸ್ಸಿನಲ್ಲಿ ಬಾಣಾವರ ದಾಟಿದ ಮೇಲೆ ಸೀಟು ಸಿಕ್ಕಿತು. ಧೈರ್ಯ ಮಾಡಿ ಹೇಳಿದೆ. "ಟಿಪ್ ವಿಷ್ಯ ಸೋಮವಾರ ನೋಡಾನ. ಈ ದಾರ ಇವತ್ತೇ ತೆಗೀಯಪ್ಪ. ಕಾಲೇಜಲ್ಲಿ ನಮ್ಮ ಕೈಯಲ್ಲಿ ಒಂದು ಎಳೆ ದಾರ ಇದ್ರೂ ಲೇತ್ ಮುಟ್ಟಿಸ್ತಿರ್ಲಿಲ್ಲ."

ಅಪ್ಪ ಎಡಗೈಯಿಂದ ಆ ಮಣಿಕಟ್ಟನ್ನು ಮುಚ್ಚಿಕೊಂಡರು. "ತೆಗೆಯಕ್ಕಾಗಲ್ಲ ಮಗಾ. ಇದು ನಿನ್ನ ಹೆಸ್ರಲ್ಲಿ ಕಟ್ಟಿಸಿರಾದು."

"ನನ್ನ ಹೆಸ್ರಲ್ಲಾ?"

"ನೀನು ವರ್ಕ್‌ಶಾಪಿಗೆ ಬತ್ತೀನಿ ಅಂದ್ಯಲ್ಲ ಹೋದ್ವರ್ಷ. ಮಿಷಿನ್ನು ಅಂದ್ರೆ ಏನಂತ ನಂಗೆ ಗೊತ್ತಲ್ವಾ? ಮಾರ್ನೇ ದಿನ್ವೇ ಬೆಟ್ಟ ಹತ್ತಿದೆ. ನನ್ನ ಮಗಳ ಕೈ ಕಾಪಾಡಪ್ಪ ಅಂದೆ. ಈಗ ಕತ್ತರ್ಸಿ ಬಿಸಾಕು ಅಂತೀಯಲ್ಲ."

ನನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಜಾವಗಲ್ಲಿನಲ್ಲಿ ಜನ ಹತ್ತಿದರು, ಅಪ್ಪ ಎದ್ದು ಒಬ್ಬ ಅಜ್ಜಿಗೆ ಸೀಟು ಕೊಟ್ಟು ಮೇಲಿನ ಕಂಬಿ ಹಿಡಿದು ನಿಂತರು. ಊರು ಬರುವವರೆಗೂ ಆ ದಾರ ನನ್ನ ಕಣ್ಣಿನ ಮಟ್ಟದಲ್ಲೇ ತೂಗುತ್ತಿತ್ತು.

ಶನಿವಾರ ಲಾಟಿನ ಕೊನೆಯ ದಿನ. ಮಧ್ಯಾಹ್ನ ಯಜಮಾನರೂ ಒಳಗಿದ್ದರು, ಸಾಗಿಸುವ ಗಾಡಿಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದರು. ನಾನು ಷಾಫ್ಟ್ ಒಂದನ್ನು ಅಳೆಯುತ್ತಿದ್ದೆ. ಅಪ್ಪನ ಕಡೆಯ ಚಿಟಪಟ ನಿಂತಿತು.

ಎರಡು ಸೆಕೆಂಡು ಕಾದೆ. ಮತ್ತೆ ಶುರುವಾಗಲಿಲ್ಲ. ಬಟ್ಟೆ ಹರಿದಂತೆ ತೆಳುವಾದ ಸಿರ್ ಎನ್ನುವ ಸದ್ದು ಮಾತ್ರ.

ತಿರುಗಿ ನೋಡಿದೆ. ನೀಲಿ ಸುರುಳಿ ಚಕ್ಕಿಗೆ ಸುತ್ತಿಕೊಂಡು ಬಾಲದಂತೆ ಗಾಳಿಯಲ್ಲಿ ಬೀಸುತ್ತಿತ್ತು. ಅಪ್ಪ ಬಲಗೈಯಲ್ಲಿ ಕೊಕ್ಕೆ ಹಿಡಿದು ಅದನ್ನು ಎಳೆಯಲು ಕೈ ಚಾಚಿದರು. ಸುರುಳಿಯ ತುದಿ ಒಂದು ಸುತ್ತು ಬಂದು ಅವರ ಮಣಿಕಟ್ಟಿನ ದಾರದೊಳಗೆ ಹೊಕ್ಕಿತು. ಕೊಕ್ಕೆ ಕೆಳಗೆ ಬಿತ್ತು. ಅಪ್ಪನ ತೋಳು ನೆಟ್ಟಗಾಯಿತು, ಭುಜ ಮುಂದೆ ಹೋಯಿತು.

ಅಪ್ಪ ಕೂಗಲಿಲ್ಲ. ಎಡಗೈಯಲ್ಲಿ ಲೇತಿನ ಅಂಚನ್ನು ಹಿಡಿದು, ಒಂದು ಕಾಲನ್ನು ಕೆಳಗಿನ ಟ್ರೇಗೆ ಒತ್ತಿ ಹಿಂದಕ್ಕೆ ವಾಲಿದ್ದರು. ನಾನು ಗೋಡೆಯ ಮೇನ್ ಸ್ವಿಚ್ಚಿನ ಹತ್ತಿರ ಓಡಿದೆ. ಅದನ್ನು ಇಳಿಸಿದ್ದು ನೆನಪಿದೆ. ಇಳಿಸಿದ ಮೇಲೂ ಚಕ್ ತಿರುಗುತ್ತಲೇ ಇದ್ದದ್ದು ಅದಕ್ಕಿಂತ ಚೆನ್ನಾಗಿ ನೆನಪಿದೆ. ಹಳೆಯ ಲೇತು, ಬ್ರೇಕಿಲ್ಲ. ಕರೆಂಟು ಹೋದರೂ ತನ್ನ ಭಾರಕ್ಕೆ ತಾನೇ ಸುತ್ತುತ್ತದೆ. ಇಡೀ ಶೆಡ್ಡು ಕತ್ತಲಾಗಿ, ಫ್ಯಾನುಗಳು ನಿಧಾನವಾಗಿ, ಚಕ್ಕಿನ ಗರ ಗರ ಒಂದೇ ಉಳಿಯಿತು. ನಿಲ್ಲು, ನಿಲ್ಲು ಎಂದು ಯಾರೋ ಕಿರುಚುತ್ತಿದ್ದರು. ಅದು ನನ್ನದೇ ದನಿ ಎಂದು ಆಮೇಲೆ ಯಜಮಾನರು ಹೇಳಿದರು.

ದಾರದ ಎಳೆಗಳು ಒಂದೊಂದಾಗಿ ಹರಿದವು. ಕೊನೆಯ ಎಳೆ ಹರಿದಾಗ ಅಪ್ಪ ಹಿಂದಕ್ಕೆ ಬಿದ್ದು ಕೂತರು. ಕೈ ಪೂರ್ತಿ ಇತ್ತು. ಹೆಬ್ಬೆರಳಿನ ಬುಡದಲ್ಲಿ ಮಾತ್ರ ಸುರುಳಿಯ ಅಂಚು ಗರಗಸದ ಹಾಗೆ ಓಡಾಡಿತ್ತು. ಯಜಮಾನರು ಫೋನು ಬಿಸಾಡಿ ಬಂದು ತಮ್ಮ ಬಿಳಿ ಟವೆಲನ್ನು ಬಿಗಿಯಾಗಿ ಸುತ್ತಿದರು.

"ಬೆರಳು ಎಣ್ಸು ಮಗಾ," ಎಂದರು ಅಪ್ಪ ನನ್ನ ಕಡೆ ನೋಡಿ. "ನಂಗೆ ಗೊತ್ತಾಯ್ತಿಲ್ಲ."

ಟವೆಲಿನ ಮೇಲೆಯೇ ಮುಟ್ಟಿ ಎಣಿಸಿದೆ. ಐದು.

ಅರಸೀಕೆರೆಯಿಂದ ಹಾಸನಕ್ಕೆ ಕಳಿಸಿದರು. ಸ್ನಾಯುವನ್ನು ಹೊಲಿದ ಡಾಕ್ಟರು ಹೆಬ್ಬೆರಳು ಮಡಚುತ್ತದೆ, ಸ್ಪರ್ಶದ ಬಗ್ಗೆ ಈಗಲೇ ಹೇಳಲಾಗದು, ನರಕ್ಕೆ ಪೆಟ್ಟಾಗಿದೆ ಎಂದರು. ಅವ್ವ, "ಮಡಚಿದ್ರೆ ಸಾಕು ಸ್ವಾಮಿ," ಎಂದಳು. ಲೇತ್ ಹಿಡಿಯುವವನಿಗೆ ಹೆಬ್ಬೆರಳು ಮಡಚಿದರೆ ಸಾಲದೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಷಾಫ್ಟಿನ ಮೇಲೆ ಹೆಬ್ಬೆರಳು ಆಡಿಸಿ ನುಣುಪು ಸರಿ ಇದೆಯೋ ಇಲ್ಲವೋ ಹೇಳುತ್ತಿದ್ದರು ಅವರು. ಕಣ್ಣು ಮಬ್ಬಾದ ಮೇಲೆ ಅಳತೆಯ ಸಾಧನಗಳಿಗಿಂತ ಮೊದಲು ನಂಬುತ್ತಿದ್ದದ್ದು ಅದನ್ನೇ.

ಆ ವಾರಗಳಲ್ಲಿ ನನ್ನ ಡೈರಿಯಲ್ಲಿ ಲೆಕ್ಕವೇ ಇಲ್ಲ. ವರ್ಕ್‌ಶಾಪಿಗೆ ಹೋಗುತ್ತಿದ್ದೆ, ನನ್ನ ಮಿಷಿನ್ ಓಡಿಸುತ್ತಿದ್ದೆ. ಅಪ್ಪನ ಲೇತಿನ ಮೇಲೆ ಗೋಣಿಚೀಲ ಹೊದಿಸಿತ್ತು. ಅಲ್ಲಿಂದ ಸದ್ದೇ ಬರುವಂತಿರಲಿಲ್ಲ, ಆದರೂ ನಡುನಡುವೆ ತಿರುಗಿ ನೋಡುತ್ತಿದ್ದೆ. ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಉಪ್ಪಿನಕಾಯಿ ಬಾಟಲಿಯನ್ನು ಮೇಜಿನ ಮೇಲೆ ಸುರಿದು, ಸೀಸದ ಬಣ್ಣದ ಮೂಲೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು ಹೋಗಿ, ಗೋಣಿಚೀಲ ಎತ್ತಿ, ಬಾಗಿಲಿಲ್ಲದ ಆ ಚಕ್ಕನ್ನು ನೋಡಿ ಬಂದರು.

ಎರಡು ಟಿಪ್ಪನ್ನು ಮನೆಗೆ ತಂದು ಅಪ್ಪನಿಗೆ ಭೂತಗನ್ನಡಿಯಲ್ಲಿ ತೋರಿಸಿದೆ. ಒಂದು ಅವರು ಸಾಣೆ ಹಿಡಿದದ್ದು, ಪಕ್ಕದಲ್ಲಿ ಹೊಸದೊಂದು. ಎಡಗೈಯಲ್ಲಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಕಲಾಯಿ ಹಾಕಿದ ಪಾತ್ರೇನ ಇಟ್ಟಿಗೆ ಪುಡಿ ಹಾಕಿ ಉಜ್ಜಿದಂಗಾಗೈತೆ," ಎಂದರು. "ತೆಳ್ಳಗೆ ಅಂತ ಆ ಹುಡ್ಗ ಹೇಳ್ದ. ತೆಳ್ಳಗಿರಾದು ಏನ್ ಕೆಲ್ಸ ಮಾಡ್ತದೆ ಅನ್ಕಂಡೆ."

ಅವ್ವ ಒಳಗಿನಿಂದಲೇ, "ಪಾತ್ರೆ ಅಂದಿದ್ರೆ ನಾನೇ ಹೇಳ್ತಿದ್ದೆ," ಎಂದಳು.

ಬ್ಯಾಂಡೇಜು ಬಿಚ್ಚಿದ ಮೇಲೆ ಅವರು ಯಾವ ವಸ್ತುವನ್ನೂ ಬಲ ಹೆಬ್ಬೆರಳಿನಿಂದ ಮುಟ್ಟಲು ಹೋಗಲಿಲ್ಲ. ಲೋಟವನ್ನು ನಾಲ್ಕು ಬೆರಳಿನಲ್ಲಿ ಎತ್ತುತ್ತಿದ್ದರು. ನಾನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ ಎಂಬ ಭಯ. ಒಂದು ದಿನ ಬಿಸಿ ರಾಗಿ ಮುದ್ದೆ ಮುರಿಯುವಾಗ ಮರೆತು ಆ ಹೆಬ್ಬೆರಳನ್ನು ತಾಗಿಸಿ ಸುಟ್ಟುಕೊಂಡರು. ಸುಟ್ಟದ್ದು ಬೊಬ್ಬೆ ಬಂದ ಮೇಲೆ ಕಂಡು ತಿಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ತಾವಾಗಿಯೇ, "ನಡಿ, ಗುಡಿಗೆ ಹೋಗ್ಬರಾನ," ಎಂದರು. ನಮ್ಮೂರಿನ ಗುಡಿಯೆಂದರೆ ಪ್ರವಾಸಿಗಳು ಬಸ್ಸಿನಲ್ಲಿ ಬರುವ ಆ ದೊಡ್ಡ ಗುಡಿಯೇ. ಹೊರಗೋಡೆಯ ಶಿಲ್ಪಗಳ ಮುಂದೆ ಗೈಡುಗಳು ಕೋಲು ತೋರಿಸುತ್ತಿದ್ದರು. ಅಪ್ಪ ಅತ್ತ ನೋಡದೆ ನೇರವಾಗಿ ಒಳಗೆ ಹೋದರು. ಒಳಗೆ ಮಬ್ಬು, ತಂಪು. ಕಪ್ಪಗೆ ಹೊಳೆಯುವ ಕಂಬಗಳು, ಬುಡದಿಂದ ಮೇಲಿನವರೆಗೆ ಬಳೆ ಜೋಡಿಸಿದಂತೆ ಉಂಗುರ ಉಂಗುರ. ಕಲ್ಲನ್ನು ತಿರುಗಿಸುತ್ತಾ ಕಡೆದ ಕಂಬಗಳು ಅವು. ಚಿಕ್ಕವಳಿದ್ದಾಗ ಅಪ್ಪ, "ಇದು ನಮ್ಮ ಕಸುಬಿನವ್ರ ಕೆಲ್ಸ, ಲೇತು ಬೇರೆ ಅಷ್ಟೆ," ಎಂದು ತೋರಿಸುತ್ತಿದ್ದರು.

ಒಂದು ಕಂಬದ ಮುಂದೆ ನಿಂತು ಕಣ್ಣು ಮುಚ್ಚಿದರು. ಬಲ ಹೆಬ್ಬೆರಳನ್ನು ಉಂಗುರಗಳ ಮೇಲಿಟ್ಟು ನಿಧಾನವಾಗಿ ಕೆಳಗೆ ಜಾರಿಸಿದರು. ಎಣಿಸುವಂತೆ ತುಟಿ ಅಲುಗುತ್ತದೆಯೇ ಎಂದು ನಾನು ನೋಡುತ್ತಿದ್ದೆ. ಅಲುಗಲಿಲ್ಲ. ಬೆರಳು ಒಂದು ಉಂಗುರ ದಾಟಿತು, ಇನ್ನೊಂದು ದಾಟಿತು. ಅಪ್ಪನ ಮುಖ ಗೋಡೆಯಾಗಿತ್ತು. ಅವರು ಬೆರಳನ್ನು ಸ್ವಲ್ಪ ಹೊರಳಿಸಿ, ಹೊರಗಿನ ಅಂಚನ್ನು ಕಲ್ಲಿಗೆ ಒತ್ತಿ, ಮತ್ತೆ ಮೇಲಿನಿಂದ ಶುರುಮಾಡಿದರು.

"ಇಲ್ಲೊಂದು ಐತೆ," ಎಂದರು.

ಬೆರಳು ಉಂಗುರದ ಅಂಚಿನ ಮೇಲೆಯೇ ನಿಂತಿತ್ತು.

"ಇಲ್ಲೊಂದು." ಅದೂ ಸರಿ.

ಅಷ್ಟರಲ್ಲಿ ಕಾವಲಿನವರು ಸೀಟಿ ಊದಿದರು. "ಏಯ್ ಯಜಮಾನ್ರೇ, ಮುಟ್ಬೇಡಿ! ಏನ್ ನಿಮ್ಮ ಮನೆ ಕಂಬಾನ ಅದು?"

"ಅಲ್ಲ ಸ್ವಾಮಿ," ಎಂದರು ಅಪ್ಪ ಕಣ್ಣು ಮುಚ್ಚಿಕೊಂಡೇ. "ಕಡ್ದೋನು ನಮ್ಮೋನು."

"ಯಾರೇ ಆಗ್ಲಿ, ಕೈ ತೆಗೀರಿ."

ಅಪ್ಪ ಕೈ ತೆಗೆದು ನನ್ನ ಕಡೆ ತಿರುಗಿದರು. "ಈ ಕಡೆ ಅರ್ಧ ಬದುಕೈತೆ. ಆ ಕಡೆ ಅರ್ಧ ಇನ್ನೂ ಕಟ್ಟಿಗೆ." ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಅಳು ಬಂತು. ಅವರು ನೋಡದ ಹಾಗೆ ನಟಿಸಿ ಕಡಲೆಕಾಯಿ ಕೊಳ್ಳಲು ಹೋದರು.

ದಸರೆ ಕಳೆದ ಮೇಲೆ ಅಪ್ಪ ಕೆಲಸಕ್ಕೆ ಬಂದರು. ಕೆಲಸ ಬಿಡಿಸಬೇಕೆಂದು ಅವ್ವನಿಗೂ ನನಗೂ ಆಸೆಯಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಯಜಮಾನರು ಹಳೆಯ ಲೇತಿನ ಚಕ್ಕಿಗೆ ದಪ್ಪ ಪ್ಲಾಸ್ಟಿಕ್ಕಿನ ಗಾರ್ಡು ಹಾಕಿಸಿದ್ದರು, ಕಾಲಿನ ಹತ್ತಿರ ಬ್ರೇಕೂ ಹಾಕಿಸಿದ್ದರು. ಟಿಪ್‌ಗಳ ಡಬ್ಬಿ ಈಗ ಬೀರುವಿನೊಳಗಿಲ್ಲ. ಅಪ್ಪನ ಕೈಗೆಟುಕುವಂತೆ ಲೇತಿನ ಪಕ್ಕದ ಹಲಗೆಯ ಮೇಲಿದೆ. ಬಿಳಿ ಬೋರ್ಡಿನ ನಡುವಿನ ಗೆರೆಯನ್ನು ನಾನೇ ಒರೆಸಿದೆ. ಎರಡು ಮಿಷಿನ್ನಿನದೂ ಸೇರಿಸಿ ಒಂದೇ ಅಂಕಿ ಬರೆಯುತ್ತೇನೆ. ಯಜಮಾನರು ನೋಡಿದರು, ಕೇಳಲಿಲ್ಲ. ಇನ್ನೊಂದು ಸಿಎನ್‌ಸಿಯ ಮಾತನ್ನು ಅವರು ಬಿಟ್ಟಿದ್ದಾರೋ, ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾರೋ ಗೊತ್ತಿಲ್ಲ.

ದಾರದ ವಿಷಯಕ್ಕೆ ಅವ್ವ ತಾನೇ ಬೆಟ್ಟ ಹತ್ತಿ ಹೊಸದು ತಂದಳು. ಮಣಿಕಟ್ಟಿಗೆ ಬೇಡವೆಂದು ನಾನು ಅಡ್ಡ ನಿಂತೆ. ಅಪ್ಪ ಸ್ವಲ್ಪ ಯೋಚಿಸಿ ಅಂಗಿಯ ತೋಳು ಏರಿಸಿದರು. "ಇಲ್ಲಿ ಕಟ್ಟು, ತೋಳಿಗೆ. ಅಂಗಿ ಒಳಗಿದ್ರೂ ಅವ್ನಿಗೆ ಕಾಣ್ತದೆ."

ಈಗ ಚಿಟಪಟ ದಿನವಿಡೀ ಕೇಳುತ್ತದೆ. ಆದರೂ ಷಾಫ್ಟ್ ಮುಗಿದು ಮುಂದಿನದನ್ನು ಹಾಕುವ ಹೊತ್ತಿಗೆ ಸದ್ದು ನಿಲ್ಲಲೇಬೇಕಲ್ಲ. ಆಗೆಲ್ಲ ನನ್ನ ಕೈ ನಿಲ್ಲುತ್ತದೆ, ಕುತ್ತಿಗೆ ತಾನಾಗಿ ಆ ಕಡೆ ತಿರುಗುತ್ತದೆ. ನಾನು ನೋಡುತ್ತೇನೆಂಬುದು ಅಪ್ಪನಿಗೆ ಗೊತ್ತು. ಬೆನ್ನು ಹಾಕಿ ನಿಂತೇ, ತಿರುಗದೆ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಐದೂ ಬೆರಳುಗಳನ್ನು ಅಗಲಿಸಿ ತೋರಿಸುತ್ತಾರೆ. ಹೆಬ್ಬೆರಳು ಪೂರ್ತಿ ಅಗಲುವುದಿಲ್ಲ. ನಾನು ಒಂದರಿಂದ ಐದರವರೆಗೆ ಎಣಿಸಿ, ಮತ್ತೆ ನನ್ನ ಕೆಲಸಕ್ಕೆ ತಿರುಗುತ್ತೇನೆ.